ನಿಲ್ಲಿಸುವಾಗ ಕಾರು ಅದುರುತ್ತಿದೆಯಾ? ತೊಂದರೆ ಎಲ್ಲಿದೆ ಎಂದು ಹಿಡಿಯುವ ಬಗೆ

ಗ್ಯಾರೇಜಿಗೆ ಹೋಗಿ ‘ನಿಲ್ಲಿಸುವಾಗ ಗಾಡಿ ಅದುರುತ್ತೆ’ ಅಂದರೆ ಸಾಮಾನ್ಯವಾಗಿ ಮೊದಲು ಬದಲಾಗುವುದು ಬ್ರೇಕ್ ಪ್ಯಾಡ್. ಅದರಿಂದ ಸರಿಹೋಗದಿದ್ದರೆ ಪ್ಯಾಡ್ ಒತ್ತಿ ಹಿಡಿಯುವ, ಚಕ್ರದ ಜೊತೆ ತಿರುಗುವ ಡಿಸ್ಕ್. ಆಮೇಲೆ ವೀಲ್ ಅಲೈನ್‌ಮೆಂಟ್. ಕೊನೆಗೆ ಯಾರೋ ಬಾನೆಟ್ ಎತ್ತಿ, ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಹರಿದಿದೆ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಚೆನ್ನಾಗಿದ್ದ ಎರಡು ಡಿಸ್ಕ್ ಗುಜರಿ ಸೇರಿರುತ್ತವೆ, ಸಾವಿರಾರು ರೂಪಾಯಿ ಕೈಬಿಟ್ಟಿರುತ್ತದೆ.

ಇದರಲ್ಲಿ ನಮ್ಮ ಪಾಲೂ ಇದೆ. ನಾವು ಹೇಳುವ ದೂರು ತುಂಬಾ ಮೊಟಕು. ಅದೇ ಒಂದು ಮಾತಿನ ಹಿಂದೆ ಬ್ರೇಕಿನ ತೊಂದರೆ ಇರಬಹುದು, ಎಂಜಿನ್‌ನದ್ದಿರಬಹುದು, ಟೈರು ಅಥವಾ ಸಸ್ಪೆನ್ಷನ್‌ನದ್ದೂ ಇರಬಹುದು. ಮೂರನ್ನೂ ಬೇರೆ ಮಾಡಲು ಸ್ಪ್ಯಾನರ್ ಕೂಡ ಬೇಡ. ನಡುಕ ಯಾವಾಗ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಗಮನಿಸಿದರೆ ಸಾಕು, ಅರ್ಧ ಕೆಲಸ ಆದಂತೆ.

ಮೊದಲು ಇಷ್ಟು ನೋಡಿ, ಆಮೇಲೆ ಗಾಡಿ ತೆಗೆಯಿರಿ

ಪರೀಕ್ಷೆ ಮಾಡುತ್ತೇವೆ ಅಂತ ರಸ್ತೆಗೆ ಇಳಿಯುವ ಮುಂಚೆ ನಾಲ್ಕೂ ಚಕ್ರದ ನಟ್ ಬಿಗಿಯಾಗಿವೆಯಾ ನೋಡಿ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ, ಟೈರ್ ರೊಟೇಷನ್ ಮಾಡಿಸಿದ್ದರೆ ಇದನ್ನು ಬಿಡಲೇಬೇಡಿ. ಸಡಿಲವಾದ ನಟ್ ಕೂಡ ಬ್ರೇಕ್ ಹಾಕಿದಾಗ ಗಾಡಿಯನ್ನು ಅದುರಿಸುತ್ತದೆ. ಅದರ ಮುಂದಿನ ಹಂತ ಚಕ್ರ ಕಳಚಿಕೊಳ್ಳುವುದು.

ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ‘ಮಿನ್’ ಗೆರೆಗಿಂತ ಕೆಳಗಿದ್ದರೆ ಪ್ಯಾಡ್ ತುಂಬಾ ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ. ಸುಮ್ನೆ ತುಂಬಿಸಿ ಹೊರಟುಬಿಡಬೇಡಿ, ಕಾರಣ ಹುಡುಕಿ. ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಹಿಡಿಯಿರಿ. ಕಾಲಿನ ಕೆಳಗೆ ಅದು ಮೆಲ್ಲಗೆ ಇಳಿಯುತ್ತಲೇ ಹೋದರೆ ಆ ಗಾಡಿಯನ್ನು ಓಡಿಸಬೇಡಿ. ಬ್ರೇಕ್ ಹಾಕಿದಾಗ ಒಂದು ಕಡೆಗೆ ಜೋರಾಗಿ ಎಳೆಯುವುದು, ಒಂದೇ ಚಕ್ರದಿಂದ ಸುಟ್ಟ ವಾಸನೆ ಬರುವುದು, ಇವೂ ಅಷ್ಟೇ. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಒಂದನೇ ಹಂತ: ನಡುಕದ ಲಯ ಕೇಳಿ

ಖಾಲಿ ಇರುವ, ನೇರವಾದ, ಒಣಗಿದ ರಸ್ತೆ ಹುಡುಕಿ. ಬೆಳಗಿನ ಜಾವ ಒಳ್ಳೆಯದು. ಪಕ್ಕದಲ್ಲಿ ಒಬ್ಬರು ಇದ್ದರೆ ಇನ್ನೂ ಒಳ್ಳೆಯದು. ಅವರು ಗಮನಿಸಲಿ, ನೀವು ರಸ್ತೆ ನೋಡಿ. 60ಕ್ಕೆ ಹೋಗಿ, ಹಿಂದೆ ಯಾರೂ ಇಲ್ಲ ಎಂದು ಖಚಿತ ಮಾಡಿಕೊಂಡು, ಹದವಾಗಿ ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿ.

ಸಣ್ಣ ಕಾರುಗಳಲ್ಲಿ ಸಾಮಾನ್ಯವಾದ 165/80 ಆರ್14 ಟೈರು ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ. ಅಂದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಎಂಟೂವರೆ ಸುತ್ತು ತಿರುಗುತ್ತದೆ. ವೇಗ 20ಕ್ಕೆ ಇಳಿದಾಗ ಮೂರು ಸುತ್ತೂ ಪೂರ್ತಿ ಆಗುವುದಿಲ್ಲ. ಡಿಸ್ಕ್, ಡ್ರಮ್ (ಹಿಂದಿನ ಚಕ್ರದ ಬ್ರೇಕಿನ ಬಟ್ಟಲು), ಟೈರು ಎಲ್ಲವೂ ಚಕ್ರದ ಜೊತೆಗೇ ತಿರುಗುತ್ತವೆ, ಅಲ್ವಾ? ಹಾಗಾಗಿ ಅಲ್ಲಿಂದ ಹುಟ್ಟುವ ನಡುಕವೂ ವೇಗದ ಜೊತೆಗೇ ಇಳಿಯುತ್ತದೆ. 60ರಲ್ಲಿ ‘ಡರ್ರ್‌ರ್’ ಎಂದು ಒಂದೇ ಎಳೆಯಾಗಿ ಕೇಳಿದ್ದು 20ಕ್ಕೆ ಬರುವಷ್ಟರಲ್ಲಿ ‘ದಡ್, ದಡ್, ದಡ್’ ಎಂದು ಬಿಡಿಬಿಡಿಯಾಗಿ ಎಣಿಸುವಂತಾಗುತ್ತದೆ. ಗಾಡಿ ನಿಂತ ಕ್ಷಣ ನಡುಕವೂ ನಿಂತುಬಿಡುತ್ತದೆ.

ಎಂಜಿನ್ ಹಾಗಲ್ಲ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೇ ಇರುವಾಗಲೂ, ಅದು ನಿಮಿಷಕ್ಕೆ 700ರಿಂದ 900 ಸುತ್ತು ತಿರುಗುತ್ತಲೇ ಇರುತ್ತದೆ. ಚಕ್ರ ನಿಂತರೂ ಅದಕ್ಕೆ ಸಂಬಂಧವಿಲ್ಲ. ಗಾಡಿ ಪೂರ್ತಿ ನಿಂತ ಮೇಲೂ ಸ್ಟೀರಿಂಗ್, ಸೀಟು, ಕನ್ನಡಿ ಅದುರುತ್ತಲೇ ಇದ್ದರೆ ಡಿಸ್ಕ್, ಡ್ರಮ್ ಕಡೆ ನೋಡುವುದೇ ಬೇಡ. ನೇರವಾಗಿ ಮೂರನೇ ಹಂತಕ್ಕೆ ಹೋಗಿ.

ಇನ್ನೊಂದು ಸಲ 60ಕ್ಕೆ ಹೋಗಿ. ಈಗ ಬ್ರೇಕ್ ಮುಟ್ಟದೆ, ಆಕ್ಸಿಲರೇಟರ್ ಬಿಟ್ಟು, ತಾನಾಗಿ ನಿಧಾನವಾಗಲು ಬಿಡಿ. ಬ್ರೇಕ್ ಇಲ್ಲದೆಯೂ ಅದುರಿದರೆ ಟೈರು, ರಿಮ್, ಬ್ಯಾಲೆನ್ಸಿಂಗ್ ಅಥವಾ ಬೇರಿಂಗ್ ಕಡೆ ಅನುಮಾನ ಪಡಿ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಮುಂದೆ ಓದಿ.

ಮ್ಯಾನ್ಯುಯಲ್ ಗೇರಿನ ಗಾಡಿಯಾದರೆ ಇದೇ ಸುತ್ತಿನಲ್ಲಿ ಇನ್ನೊಂದು ನೋಡಿಕೊಳ್ಳಿ. ಕೊನೆಯ 20 ಕಿ.ಮೀ. ವೇಗದಲ್ಲಿ ಮಾತ್ರ ಗಾಡಿ ಕುಲುಕುತ್ತಿದೆಯಾ? ಕ್ಲಚ್ ಒತ್ತಿದ ತಕ್ಷಣ ನಿಲ್ಲುತ್ತದೆಯಾ? ಹಾಗಾದರೆ ಗಾಡಿಯಲ್ಲಿ ಏನೂ ಕೆಟ್ಟಿಲ್ಲ. ಮೂರನೇ ಅಥವಾ ನಾಲ್ಕನೇ ಗೇರಿನಲ್ಲೇ ನಿಲ್ಲಿಸಲು ಹೋಗಿ ಎಂಜಿನ್ ಒದ್ದಾಡುತ್ತಿದೆ. ಸುತ್ತು ಸಾವಿರದ ಹತ್ತಿರ ಬಂದಾಗ ಕ್ಲಚ್ ಒತ್ತಿದರೆ ಮುಗಿಯಿತು. ಹೊಸದಾಗಿ ಕಲಿತವರಲ್ಲಿ ಇದು ಜಾಸ್ತಿ. ಕ್ಲಚ್ ಒತ್ತಿದರೆ ಬೇಗ ಸವೆಯುತ್ತದೆ ಎಂದು ಯಾರೋ ಹೆದರಿಸಿರುತ್ತಾರೆ.

ಎರಡನೇ ಹಂತ: ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ

ನಡುಕ ಕೈಗೆ ಬರುತ್ತದಾ, ಕೂತ ಜಾಗಕ್ಕೆ ಬರುತ್ತದಾ? ಸ್ಟೀರಿಂಗ್ ಎಡಬಲ ಅಲ್ಲಾಡಿದರೆ ಹೆಚ್ಚಾಗಿ ಮುಂದಿನ ಡಿಸ್ಕ್. ಸ್ಟೀರಿಂಗ್ ಸುಮ್ಮನಿದ್ದು ಸೀಟು ಮತ್ತು ಪೆಡಲ್ ಮಾತ್ರ ಮಿಡಿದರೆ ಹಿಂದಿನ ಡ್ರಮ್ ನೋಡಬೇಕು.

ಹಿಂದಿನದನ್ನು ಖಚಿತ ಮಾಡಿಕೊಳ್ಳಲು ಹ್ಯಾಂಡ್‌ಬ್ರೇಕ್ ಇದೆ. ಖಾಲಿ, ಒಣ ರಸ್ತೆಯಲ್ಲಿ 30ರ ವೇಗದಲ್ಲಿ ಹೋಗುತ್ತಾ, ಹ್ಯಾಂಡ್‌ಬ್ರೇಕ್‌ನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿಯೇ ಹಿಡಿದು, ಲಿವರ್ ಅನ್ನು ಸ್ವಲ್ಪಸ್ವಲ್ಪವಾಗಿ ಮೇಲೆತ್ತಿ. ಗುಂಡಿ ಒತ್ತಿರಬೇಕು, ಆಗ ಬೇಕೆಂದಾಗ ಬಿಡಬಹುದು. ಅದೇ ನಡುಕ ಬಂದರೆ ಡ್ರಮ್ ದುಂಡಗಿಲ್ಲ ಎಂದು ಅರ್ಥ. ಮಳೆಯಲ್ಲಿ, ತಿರುವಿನಲ್ಲಿ ಈ ಪರೀಕ್ಷೆ ಬೇಡ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯಲ್ಲಂತೂ ಬೇಡವೇ ಬೇಡ.

ಇನ್ನು ಮುಂದಿನ ಡಿಸ್ಕ್. ಎಲ್ಲರೂ ‘ಡಿಸ್ಕ್ ಬೆಂಡ್ ಆಗಿದೆ’ ಅನ್ನುತ್ತಾರೆ. ಆದರೆ ಅಲ್ಲಿ ಆಗಿರುವುದು ಬಹುಪಾಲು ಬೇರೆಯೇ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸ ಬಂದರೂ ಕೆಲವು ಗಾಡಿಗಳಲ್ಲಿ ಕಾಲಿಗೆ ಗೊತ್ತಾಗುತ್ತದೆ. ದಪ್ಪ ಜಾಗ ಬಂದಾಗ ಪ್ಯಾಡ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ತೆಳು ಜಾಗ ಬಂದಾಗ ಮುಂದೆ ಬರುತ್ತದೆ. ಆ ಹೋಗಿಬರುವುದೇ ಆಯಿಲ್ ಮೂಲಕ ನಿಮ್ಮ ಪೆಡಲ್‌ಗೆ ಮುಟ್ಟುತ್ತದೆ.

ದಪ್ಪ ಹೀಗೆ ಏರುಪೇರಾಗುವುದು ಯಾಕೆ ಎಂಬುದೇ ಮುಖ್ಯ. ಕಾರಣ ಬಿಟ್ಟು ಡಿಸ್ಕ್ ಮಾತ್ರ ಬದಲಿಸಿದರೆ ಕೆಲವು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಅದೇ ನಡುಕ ವಾಪಸ್ ಬರುತ್ತದೆ. ‘ಹೋದ ವರ್ಷ ತಾನೇ ಹೊಸ ಡಿಸ್ಕ್ ಹಾಕಿಸಿದ್ದು’ ಎಂದು ಎಷ್ಟೋ ಜನ ಹೇಳುವುದು ಇದಕ್ಕೇ.

ಡಿಸ್ಕ್ ಕೂರುವ ಹಬ್‌ನ ಮುಖದ ಮೇಲೆ ತುಕ್ಕಿನ ಪುಡಿ, ಹಳೆಯ ಕೊಳೆ ಇರುತ್ತದೆ. ಅದನ್ನು ಉಜ್ಜದೆ ಹೊಸ ಡಿಸ್ಕ್ ಕೂರಿಸಿದರೆ ಅದು ಸ್ವಲ್ಪ ಓರೆಯಾಗಿ ತಿರುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬ್ರೇಕ್ ಹಾಕದೆ ಓಡಿಸುವಾಗಲೂ ಪ್ರತಿ ಸುತ್ತಿಗೊಮ್ಮೆ ಒಂದೇ ಜಾಗ ಪ್ಯಾಡಿಗೆ ತಾಗುತ್ತದೆ. ಹಾಗೆ ತಾಗಿ ತಾಗಿ ಆ ಜಾಗ ತೆಳುವಾಗುತ್ತದೆ. ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು, ಆಮೇಲೆ ನಡುಕ ಬಂತು ಅನ್ನಿಸುವುದು ಅದಕ್ಕೆ. ವೀಲ್ ನಟ್‌ಗಳನ್ನು ನಟ್ ಬಿಗಿಸುವ ಗನ್ ಹಿಡಿದು ಒಂದನ್ನು ವಿಪರೀತ, ಒಂದನ್ನು ಸಡಿಲ ಬಿಗಿದರೂ ಇದೇ ಕಥೆ.

ಘಟ್ಟ ಇಳಿದು ಬಂದ ಮೇಲೆ ಶುರುವಾದ ನಡುಕಕ್ಕೆ ಕಾರಣ ಬೇರೆ. ಚಾರ್ಮಾಡಿಯಲ್ಲೋ, 14 ಹೇರ್‌ಪಿನ್ ತಿರುವುಗಳಿರುವ ಆಗುಂಬೆಯಲ್ಲೋ ಮೇಲಿಂದ ಕೆಳತನಕ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ಕೆಂಡದಂತೆ ಕಾಯುತ್ತದೆ. ಕೆಳಗೆ ಚಹಾ ಕುಡಿಯಲು ನಿಲ್ಲಿಸಿ ಪೆಡಲ್ ಒತ್ತಿಯೇ ಹಿಡಿದರೆ ಪ್ಯಾಡಿನ ಪದಾರ್ಥ ಒಂದೇ ಜಾಗದಲ್ಲಿ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಜಾಗ ಬಂದಾಗಲೆಲ್ಲ ಬ್ರೇಕ್ ಹೆಚ್ಚು ಹಿಡಿಯುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಳಸಿ. ಕಾದ ಡಿಸ್ಕಿಗೆ ನೀರು ಹಾಕಬೇಡಿ. ಇಳಿದ ಕೂಡಲೇ ವಾಟರ್ ವಾಶ್‌ಗೆ ಬಿಡುವವರೂ ಇದ್ದಾರೆ, ಅದು ಡಿಸ್ಕಿಗೆ ಒಳ್ಳೆಯದಲ್ಲ.

ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಗಾಡಿ ನಿಂತೇ ಇದ್ದರೆ ಡಿಸ್ಕ್ ತುಕ್ಕು ಹಿಡಿಯುತ್ತದೆ. ಪ್ಯಾಡ್ ಕೆಳಗಿದ್ದ ಜಾಗ ಮಾತ್ರ ಬೇರೆ ಥರ ಉಳಿಯುತ್ತದೆ. ಒಂದು ರಾತ್ರಿ ನಿಂತದ್ದಾದರೆ ನಾಲ್ಕಾರು ಸಲ ಬ್ರೇಕ್ ಹಾಕಿದಾಗ ಉಜ್ಜಿ ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ತಿಂಗಳುಗಟ್ಟಲೆ ನಿಂತದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿ. ಯಾರೂ ಬೇಡ ಅನ್ನುವುದಿಲ್ಲ. ಒಳಗಿನ ಪ್ಯಾಡ್ ಮತ್ತು ಹೊರಗಿನ ಪ್ಯಾಡ್ ಒಂದೇ ಸಮ ಸವೆದಿವೆಯಾ? ಒಂದು 7 ಮಿ.ಮೀ., ಇನ್ನೊಂದು 3 ಮಿ.ಮೀ. ಇದ್ದರೆ ಪ್ಯಾಡ್‌ಗಳನ್ನು ಹಿಡಿದು ಒತ್ತುವ ಕ್ಯಾಲಿಪರ್‌ನ ಪಿನ್ ಜಾಮ್ ಆಗಿರಬೇಕು, ಇಲ್ಲವೇ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಪಿನ್ ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿದರೆ ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಸಾಮಾನ್ಯ ಗ್ರೀಸ್ ಹಾಕಿದರೆ ಬಿಸಿಗೆ ಕೆಡುತ್ತದೆ, ಪಿನ್‌ನ ರಬ್ಬರ್ ಕೂಡ ಉಬ್ಬುತ್ತದೆ.

ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರ್‌ನಿಂದ ಸುತ್ತಲೂ ಎಂಟು ಕಡೆ ಅಳೆಯಬೇಕು. ಒಂದೇ ಕಡೆ ಅಳೆದು ‘ಸರಿ ಇದೆ’ ಅಂದರೆ ಅದು ಸವೆತದ ಲೆಕ್ಕ ಹೇಳಿತೇ ಹೊರತು ನಡುಕದ ಲೆಕ್ಕ ಹೇಳಲಿಲ್ಲ. ಓರೆ ಎಷ್ಟಿದೆ ಎಂದು ನೋಡಲು ಡಯಲ್ ಗೇಜ್ ಇಡಬೇಕು. ಬಹಳ ಗಾಡಿಗಳಿಗೆ 0.05ರಿಂದ 0.1 ಮಿ.ಮೀ. ಒಳಗಿರಬೇಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಡಿಸ್ಕ್ ಇನ್ನೂ ದಪ್ಪಗಿದ್ದರೆ ಲೇತ್‌ನಲ್ಲಿ ಸಮ ಮಾಡಿಸಬಹುದು. ಆದರೆ ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪವನ್ನು ಅಚ್ಚು ಹಾಕಿರುತ್ತಾರೆ. ಲೇತ್ ಆದ ಮೇಲೂ ಅದಕ್ಕಿಂತ ಜಾಸ್ತಿ ಉಳಿಯಬೇಕು. ಇಲ್ಲದಿದ್ದರೆ ಹೊಸದೇ ಗತಿ, ಅದೂ ಎಡಬಲ ಎರಡೂ ಒಟ್ಟಿಗೆ, ಪ್ಯಾಡ್ ಸಮೇತ.

ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್ ಬಗ್ಗೆ ಒಂದು ಮಾತು. ಜಲ್ಲಿ ಮೇಲೆ, ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಗರಗರ ಅಂದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿದೆ ಅಷ್ಟೇ. ಕಾಲು ತೆಗೆಯಬೇಡಿ. ಆದರೆ ಒಣ ರಸ್ತೆಯಲ್ಲಿ, ಮೆಲ್ಲಗೆ ನಿಲ್ಲಿಸುವಾಗ, ಇನ್ನೇನು ನಿಂತಿತು ಅನ್ನುವ ಕೊನೆಯ 5–10 ಕಿ.ಮೀ. ವೇಗದಲ್ಲಿ ಮಾತ್ರ ಹೀಗಾದರೆ ಅದು ತೊಂದರೆಯೇ. ಚಕ್ರದ ವೇಗ ಓದುವ ಸೆನ್ಸರ್‌ಗೆ ತುಕ್ಕು, ಕೆಸರು ಮೆತ್ತಿರಬಹುದು, ಅದರ ರಿಂಗ್ ಬಿರುಕು ಬಿಟ್ಟಿರಬಹುದು. ಚಕ್ರ ಜಾರುತ್ತಿದೆ ಎಂದು ಕಂಪ್ಯೂಟರ್ ತಪ್ಪಾಗಿ ತಿಳಿಯುತ್ತದೆ. ನಿಲ್ಲಬೇಕಾದ ಕಡೆ ಗಾಡಿ ಒಂದಡಿ ಮುಂದೆ ಹೋಗುತ್ತದೆ. ಮುಂದಿನ ಗಾಡಿಗೆ ಗುದ್ದಲು ಅಷ್ಟು ಸಾಕಲ್ಲ. ಎಚ್ಚರಿಕೆಯ ದೀಪ ಹತ್ತದಿದ್ದರೂ ಇದನ್ನು ತೋರಿಸಿ.

ಮೂರನೇ ಹಂತ: ನಿಂತ ಮೇಲೂ ಅದುರಿದರೆ

ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ. ಈಗ ಒಂದೊಂದಾಗಿ ಬದಲಿಸುತ್ತಾ ಹೋಗಿ.

ಎಸಿ ಹಾಕಿ. ಕಂಪ್ರೆಸರ್ ಹಿಡಿದಾಗ ಒಂದು ಸಣ್ಣ ಕುಲುಕು ಸಹಜ. ತಕ್ಷಣ ಎಂಜಿನ್ ಚೇತರಿಸಿಕೊಳ್ಳಬೇಕು. ಎಂಜಿನ್ ಸುತ್ತು ತೋರಿಸುವ ಮುಳ್ಳು ಕೆಳಗಿಳಿದು ಅಲ್ಲೇ ಒದ್ದಾಡುತ್ತಿದ್ದರೆ, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕೊಳೆಯಾಗಿರುವ ಸಾಧ್ಯತೆ ಜಾಸ್ತಿ. ಅದನ್ನು ಕ್ಲೀನ್ ಮಾಡಿಸುವುದು ಸಣ್ಣ ಕೆಲಸ. ಕೆಲವು ಗಾಡಿಗಳಲ್ಲಿ ಕ್ಲೀನ್ ಆದ ಮೇಲೆ ಸ್ಕ್ಯಾನರ್ ಹಾಕಿ ಐಡ್ಲಿಂಗ್ ಮತ್ತೆ ಕಲಿಸಬೇಕಾಗುತ್ತದೆ. ಅದನ್ನು ಕೇಳಿ ಮಾಡಿಸಿ.

ಬ್ರೇಕ್ ಪೆಡಲ್ ಒತ್ತಿ. ಗಾಡಿ ನಿಂತೇ ಇದೆ, ಆದರೂ ಒತ್ತಿದಾಗ ಎಂಜಿನ್ ಅದುರಿ, ಪೆಡಲ್ ಹತ್ತಿರ ‘ಸುಸ್ಸ್’ ಎಂದು ಬಿಡದೆ ಸದ್ದು ಬಂದರೆ, ಕಾಲಿನ ಒತ್ತಡಕ್ಕೆ ಬಲ ಕೊಡುವ ಬ್ರೇಕ್ ಬೂಸ್ಟರ್ ಗಾಳಿ ಸೋರುತ್ತಿದೆ. ಆ ಗಾಳಿ ನೇರವಾಗಿ ಎಂಜಿನ್‌ಗೆ ಹೋಗಿ ಮಿಶ್ರಣ ಕೆಡಿಸುತ್ತದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಬ್ರೇಕ್ ಒತ್ತಿದರೆ ಅದುರುತ್ತದೆ ಎಂದು ಡಿಸ್ಕ್ ಬದಲಿಸಿ ಕೂರುತ್ತಾರೆ. ಖಚಿತ ಮಾಡಿಕೊಳ್ಳಲು ಎಂಜಿನ್ ನಿಲ್ಲಿಸಿ, ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಕಾಲು ಪೆಡಲ್ ಮೇಲೆ ಇಟ್ಟುಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ಪೈಪ್ ನೋಡಿಸಿ. ತಡ ಮಾಡಬೇಡಿ, ಬೂಸ್ಟರ್ ಕೈಕೊಟ್ಟರೆ ಪೆಡಲ್ ಕಲ್ಲಾಗುತ್ತದೆ.

ಆಟೋಮ್ಯಾಟಿಕ್ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ಹಿಡಿದು ಡಿ ಮತ್ತು ಎನ್ ನಡುವೆ ಬದಲಿಸಿ. ಡಿಯಲ್ಲಿ ಅದುರಿ, ಎನ್‌ಗೆ ಹಾಕಿದಾಗ ಶಾಂತವಾದರೆ ಮೊದಲ ಅನುಮಾನ ಎಂಜಿನ್ ಮೌಂಟಿಂಗ್ ಮೇಲೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಹೆಚ್ಚಾಗಿ ಮೂರು ನಾಲ್ಕು ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತವೆ. ರಬ್ಬರ್ ಹರಿದರೆ, ಒಳಗೆ ಎಣ್ಣೆ ಇರುವ ಮೌಂಟಿಂಗ್ ಸೋರಿದರೆ, ನಡುಕ ನೇರವಾಗಿ ಬಾಡಿಗೆ ಬರುತ್ತದೆ. ಚಾಲೂ ಮಾಡುವಾಗ, ಆಫ್ ಮಾಡುವಾಗ ‘ಧಡ್’ ಎಂಬ ಸದ್ದೂ ಇದ್ದರೆ ಅನುಮಾನ ಗಟ್ಟಿಯಾಯಿತು. ಬಾನೆಟ್ ತೆರೆದು ಮೌಂಟಿಂಗ್ ಸುತ್ತ ಬಿರುಕು, ಕಪ್ಪು ಎಣ್ಣೆಯ ಕಲೆ ಹುಡುಕಿ. ಗೇರ್ ಹಾಕಿ ಎಂಜಿನ್ ಎಷ್ಟು ಹಾರುತ್ತದೆ ಎಂದು ನೋಡುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಆಗ ಗಾಡಿಯ ಮುಂದೆಯೂ ಹಿಂದೆಯೂ ಯಾರೂ ನಿಂತಿರಬಾರದು.

ನಿಲ್ಲುವ ಹೊತ್ತಿಗೆ ಎಂಜಿನ್ ಆಫ್ ಆಗುವ ಹಾಗೆ ಒದ್ದಾಡುವ ಆಟೋಮ್ಯಾಟಿಕ್ ಗಾಡಿಯ ವಿಚಾರ ಬೇರೆ. ಅಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಇರುವ ಟಾರ್ಕ್ ಕನ್ವರ್ಟರ್‌ನ ಲಾಕ್ ಬಿಡದೆ ಇರಬಹುದು. ಅದು ಗೇರ್‌ಬಾಕ್ಸ್ ಬಲ್ಲವರ ಕೆಲಸ.

ಎಸಿ, ಗೇರ್, ಬ್ರೇಕ್ ಯಾವುದಕ್ಕೂ ಸಂಬಂಧವಿಲ್ಲದೆ ಒಂದೇ ಸಮ ತಪ್ಪಿತಪ್ಪಿ ಓಡುತ್ತಿದ್ದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹೊತ್ತಿಸುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಈ ಕ್ರಮದಲ್ಲಿ ನೋಡುತ್ತಾರೆ. ಸ್ಕ್ಯಾನರ್‌ನಲ್ಲಿ ಪಿ0301 ಎಂದು ಬಂದರೆ ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು. ಪಿ0300 ಬಂದರೆ ಒಂದೇ ಸಿಲಿಂಡರ್ ಎಂದು ಗುರುತಿಸಲಾಗಿಲ್ಲ. ಕೋಡ್ ಒಂದು ಸಿಲಿಂಡರ್ ತೋರಿಸಿದ್ದರೆ ಅದರ ಕಾಯಿಲ್ ತೆಗೆದು ಪಕ್ಕದ್ದಕ್ಕೆ ಹಾಕಿ ಮತ್ತೆ ಓಡಿಸಿದಾಗ ಕೋಡ್ ಕೂಡ ಪಕ್ಕಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ ಎಂದು ಖಚಿತ. ಸುಮ್ನೆ ಎಲ್ಲ ಕಾಯಿಲ್ ಕೊಳ್ಳಬೇಕಾಗಿಲ್ಲ. ಚೆಕ್ ಎಂಜಿನ್ ದೀಪ ಮಿಟುಕುತ್ತಿದ್ದರೆ ಮಾತ್ರ ಓಡಿಸುವುದನ್ನು ಆದಷ್ಟು ಬೇಗ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ, ಅದು ದುಬಾರಿ.

ಮೂರು ಸಿಲಿಂಡರ್ ಎಂಜಿನ್ ನಾಲ್ಕು ಸಿಲಿಂಡರ್‌ನದ್ದಕ್ಕಿಂತ ಹುಟ್ಟಿನಿಂದಲೇ ಸ್ವಲ್ಪ ಹೆಚ್ಚು ಅದುರುತ್ತದೆ. ಹಳೆಯ ಸ್ವಿಫ್ಟ್ ಓಡಿಸಿದವರು 2024ರ ಹೊಸ ಸ್ವಿಫ್ಟ್ ಕೊಂಡರೆ ಸಿಗ್ನಲ್‌ನಲ್ಲಿ ವ್ಯತ್ಯಾಸ ಕಾಣಬಹುದು, ಯಾಕೆಂದರೆ ಅದಕ್ಕೆ ಮೂರು ಸಿಲಿಂಡರ್. ಅದೇ ಮಾಡೆಲ್‌ನ ಇನ್ನೊಂದು ಗಾಡಿಯಲ್ಲಿ ಕೂತು ಹೋಲಿಸಿ ನೋಡಿ, ಆಮೇಲೆ ದೂರು ಕೊಡಿ.

ನಾಲ್ಕನೇ ಹಂತ: ಟೈರು ಮತ್ತು ಕೆಳಗಿನ ಭಾಗ

ಟೈರಿನ ಪಕ್ಕದ ಗೋಡೆಯ ಮೇಲೆ ಕೈಯಾಡಿಸಿ, ಒಳಬದಿಯನ್ನೂ ಬಿಡಬೇಡಿ. ಗುಂಡಿಗೆ ಬಿದ್ದ ಟೈರು ಉಬ್ಬಿರುತ್ತದೆ. ಉಬ್ಬಿದ ಟೈರನ್ನು ಬದಲಿಸಲೇಬೇಕು. ಬಹಳ ದಿನ ನಿಂತ ಗಾಡಿಯ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ, ಕೆಲವು ಕಿ.ಮೀ. ಓಡಿ ಬಿಸಿಯಾದ ಮೇಲೆ ಸರಿಹೋಗುವುದೂ ಉಂಟು.

ಚಕ್ರವನ್ನು ಬಾಡಿಗೆ ಜೋಡಿಸುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಹರಿದಿದ್ದರೆ ಬ್ರೇಕ್ ಹಾಕಿದ ಕ್ಷಣ ಒಂದು ‘ಟಕ್’ ಬರುತ್ತದೆ, ಬಿಟ್ಟಾಗ ಇನ್ನೊಂದು. ಚಕ್ರವನ್ನು ಆರ್ಮ್‌ಗೆ ಜೋಡಿಸುವ ಬಾಲ್ ಜಾಯಿಂಟ್, ಸ್ಟೀರಿಂಗ್‌ಗೆ ಜೋಡಿಸುವ ಟೈ ರಾಡ್ ಎಂಡ್ ಸಡಿಲವಾಗಿದ್ದರೆ ಡಿಸ್ಕಿನ ಸಣ್ಣ ನಡುಕವೂ ಸ್ಟೀರಿಂಗ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಹೊಸ ಡಿಸ್ಕ್ ಹಾಕಿಸುವ ಮುಂಚೆ ಚಕ್ರ ಎತ್ತಿಸಿ ಅಲ್ಲಾಡಿಸಿ ನೋಡಲು ಹೇಳಿ. ಮನೆಯ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ನೀವು ತೂರಬೇಡಿ.

ಗ್ಯಾರೇಜಿನಲ್ಲಿ ಹೇಳುವುದು, ಕೆಲಸ ಆದ ಮೇಲೆ ಮಾಡುವುದು

ಈಗ ನಿಮ್ಮ ದೂರು ಹೀಗಿರುತ್ತದೆ: ‘60ರಿಂದ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಅದುರುತ್ತೆ. ನಿಧಾನವಾದ ಹಾಗೆ ಏಟು ಬಿಡಿಬಿಡಿಯಾಗುತ್ತೆ. ನಿಂತ ಮೇಲೆ ಏನೂ ಇಲ್ಲ. ಹ್ಯಾಂಡ್‌ಬ್ರೇಕ್‌ನಲ್ಲಿ ಬರಲ್ಲ. ಡಿಸ್ಕ್ ಅಳೆದು ನೋಡಿ, ಪಿನ್ ಚೆಕ್ ಮಾಡಿ.’ ಇಷ್ಟು ಕೇಳಿದ ಮೆಕ್ಯಾನಿಕ್ ಕೆಲಸವನ್ನು ಶುರು ಮಾಡುವ ಜಾಗವೇ ಬೇರೆ. ಆಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋಗಿ ಬನ್ನಿ. ಬದಲಿಸಿದ ಹಳೆಯ ಸಾಮಾನು ಕೇಳಿ ಪಡೆಯಿರಿ.

ಡಿಸ್ಕ್ ಬದಲಾದರೆ ಹಬ್ ಉಜ್ಜಿದರಾ ಎಂದು ಕೇಳಿ. ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ, ಟಾರ್ಕ್ ರೆಂಚ್‌ನಿಂದ ಬಿಗಿಸಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಇರುತ್ತದೆ, ನಿಮ್ಮದಕ್ಕೆ ಎಷ್ಟು ಎಂಬುದು ಗಾಡಿಯ ಪುಸ್ತಕದಲ್ಲಿದೆ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ.

ಹೊಸ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 60ರಿಂದ 15ರ ತನಕ ಹದವಾಗಿ ಬ್ರೇಕ್ ಹಾಕಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ತೆಗೆದುಕೊಳ್ಳಿ. ಎಂಟು ಹತ್ತು ಸಲ ಹೀಗೆ ಮಾಡಿ. ಆಮೇಲೆ ಐದಾರು ಕಿ.ಮೀ. ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ತಣ್ಣಗಾಗಲು ಬಿಡಿ. ಮೊದಲ 200–300 ಕಿ.ಮೀ. ತನಕ, ಅಗತ್ಯ ಬಿದ್ದರೆ ಹೊರತು, ಜೋರಾಗಿ ಬ್ರೇಕ್ ಹೊಡೆಯಬೇಡಿ. ಘಟ್ಟದ ಪ್ರಯಾಣ ಇದ್ದರೆ ಇದಾದ ಮೇಲೆ ಇಟ್ಟುಕೊಳ್ಳಿ.